ಎರಡು ಮೂಲೆಗಳ ನಡುವಿನ ಅಧ್ಯಕ್ಷ

ನನಗೊಂದು ಕೆಟ್ಟ ಚಾಳಿಯಿದೆ: ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರೆ. ಸಿಟಿಜನ್‌ಶಿಪ್ ಪರೀಕ್ಷೆಗೆಂದು ಅಮೆರಿಕಾದ ಚುನಾವಣೆಗಳ ಚರಿತ್ರೆ ಹಿಡಿದವನು, ಪಾಸಾದ ಮೇಲೂ ಬಿಡಲಿಲ್ಲ. ಮೊದಮೊದಲು ಎರಡನೆಯ ಸ್ಥಾನಕ್ಕೆ ಬಂದವನೇ ಉಪಾಧ್ಯಕ್ಷನಾಗುತ್ತಿದ್ದ, ಸೋತವನ ಮುಖವನ್ನು ಗೆದ್ದವನು ನಾಲ್ಕು ವರ್ಷ ನೋಡಬೇಕಿತ್ತು ಎಂದೆಲ್ಲ ಕೊರೆದು, ನಾವಿರುವ ಪ್ಲೆಸೆಂಟನ್ ಊರಿನ ಕನ್ನಡ ಬಳಗದಲ್ಲಿ ಎಷ್ಟು ಜನರ ಕಾಫಿ ಆರಿಹೋಗುವಂತೆ ಮಾಡಿದ್ದೇನೋ!

ಈ ಸಲ ಬಳಗದ ಅಧ್ಯಕ್ಷಗಿರಿಗೆ ಇಬ್ಬರು ನಿಂತರು. ಒಬ್ಬರು ಹುಬ್ಬಳ್ಳಿಯ ಪಾಟೀಲರು. ಫ್ರೀವೇ ಹೆದ್ದಾರಿಯಲ್ಲಿ ಕಾರು ಓಡಿಸಲು ಹೆದರುವ ನನ್ನನ್ನು ದಿನವೂ ತಮ್ಮ ಕಾರಿನಲ್ಲಿ ಆಫೀಸಿಗೆ ಬಿಡುವ ಪುಣ್ಯಾತ್ಮರು. ಇನ್ನೊಬ್ಬರು ದಿನವೂ ನನಗೆ ಊಟದ ಡಬ್ಬಿ ಕಟ್ಟಿಕೊಡುವ ನನ್ನ ಹೆಂಡತಿ ಸುಮಾ. ನನ್ನ ವೋಟು ನಿಮಗೇ ಎಂದು ಇಬ್ಬರಿಗೂ ಮಾತು ಕೊಟ್ಟಿದ್ದೆ. ಗುಟ್ಟಿನ ಮತದಾನ ಇರುವುದೇ ನನ್ನಂಥ ಸಂಸಾರಿಗಳಿಗಾಗಿ.

ಸಭೆಯಲ್ಲಿ ಚೀಟಿ ಹಂಚುವಾಗ ನನ್ನ ನಾಲಿಗೆ ತುರಿಸಿತು. "ಇಲ್ಲಿನ ಪಕ್ಷಗಳು ಕೆಲವು ಕಡೆ ಚೀಟೀನೇ ಬಳಸ್ತಿರಲಿಲ್ಲ, ಗೊತ್ತಾ? ಕಾಕಸ್ ಅಂತ. ಒಬ್ಬೊಬ್ಬ ಕ್ಯಾಂಡಿಡೇಟಿಗೆ ಒಂದೊಂದು ಮೂಲೆ. ಯಾರು ಬೇಕೋ ಅವರ ಮೂಲೇಲಿ ನಿಂತ್ಕೊಳ್ಳೋದು, ತಲೆ ಎಣಿಸೋದು!"

"ಭಲೇ, ಹಾಗೇ ಮಾಡೋಣ," ಎಂದರು ನಮ್ಮ ಹಿರಿಯರಾದ ಡಾಕ್ಟರು. ಚೀಟಿಗಳು ಕಸದ ಬುಟ್ಟಿ ಸೇರಿದವು. ಆಗಲೂ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಹೊಳೆದಾಗ ಆ ಮೂಲೆಯಲ್ಲಿ ಹನ್ನೊಂದು ಜನ, ಈ ಮೂಲೆಯಲ್ಲಿ ಹನ್ನೊಂದು ಜನ, ನಡುವೆ ನಾನೊಬ್ಬ.

"ಏನ್ರೀ, ಅಲ್ಲೇನು ಮಾಡ್ತಿದ್ದೀರಾ? ಬನ್ನಿ ಈ ಕಡೆ," ಎಂದಳು ಸುಮಾ.

"ಹಂಗ್ಯಾಂಗ್ರೀ ವೈನೀ? ನನಗ ಮಾತು ಕೊಟ್ಟಾರ ಅವರು. ನಿನ್ನೆ ಕಾರಿನ್ಯಾಗ," ಎಂದರು ಪಾಟೀಲರು.

ಇಪ್ಪತ್ತೆರಡು ಜನರೂ ನನ್ನನ್ನೇ ನೋಡಿದರು. ನಿಜ ಹೇಳುತ್ತೇನೆ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಾನಿನ್ನೂ ಅನ್‌ಡಿಸೈಡೆಡ್ಡು," ಎಂದು ತೊದಲಿದೆ.

ಡಾಕ್ಟರು ಗಡಿಯಾರ ನೋಡಿಕೊಂಡರು. ಸಮೋಸ ಆರುತ್ತಿತ್ತು. "ಎರಡೂ ಕಡೆ ಸಮಸಮ ಆಗಿ ಪಟ್ಟು ಬಿದ್ದಾಗ ಪಕ್ಷದವರು ಯಾರಿಗೂ ಬೇಡದ ಮೂರನೆಯವನನ್ನ ಆರಿಸ್ತಿದ್ರು ಅಂತ ನೀವೇ ಒಂದ್ಸಲ ಕೊರೆದಿದ್ರಲ್ಲ? ಆಯ್ತು, ನೀವೇ ಅಧ್ಯಕ್ಷರು!"

ಎಲ್ಲರೂ ಚಪ್ಪಾಳೆ ತಟ್ಟಿದರು, ಇಬ್ಬರನ್ನು ಬಿಟ್ಟು. ಚರಿತ್ರೆಯಂತೆ ಆ ಇಬ್ಬರೂ ಉಪಾಧ್ಯಕ್ಷರಾದರು.

ಹೀಗೆ ಗೆದ್ದವರ ಹೆಸರೆಲ್ಲ ಪುಸ್ತಕದಲ್ಲಿದೆ. ಅವರು ಹೆಂಡತಿಯ ಪಕ್ಕ ಕೂತು ಮನೆಗೆ ಹೇಗೆ ಹೋದರು ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ. ಅಮೆರಿಕಾದ ಅಧ್ಯಕ್ಷರಿಗೆ ಹಿಂದೆ ಮುಂದೆ ಕಾರುಗಳ ಸಾಲು. ನಾನು ಸೋಮವಾರ ಬಸ್ಸಿನಲ್ಲಿ ಆಫೀಸಿಗೆ ಹೋದೆ. ಕೈಯಲ್ಲಿ ಊಟದ ಡಬ್ಬಿಯೂ ಇರಲಿಲ್ಲ.