ಒಂದೇ ಒಂದು ಗೋಲಿಗಾಗಿ

ಮಕ್ಕಳ ಕಾಲಿಗೆ ಚೆಂಡು ಸಿಕ್ಕಿತೆಂದರೆ ಏನಾದರೊಂದು ಫಜೀತಿ ಆಗದೆ ದಿನ ಮುಗಿಯುವುದಿಲ್ಲ. ಕುದೇರಿನ ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿರುವ ನಾನು ಇದನ್ನು ದಿನಾ ನೋಡುತ್ತೇನೆ. ಮೊನ್ನೆ ಒಬ್ಬಳು ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡು ಆಡಿ, "ಮಿಸ್, ಚೆಂಡು ಸೊಟ್ಟಗೆ ಓಯ್ತದೆ, ಬೇರೆ ಕೊಡಿ" ಅಂದಳು. ನಾನು ಗದರಲಿಲ್ಲ. ಗುಂಡ್ಲುಪೇಟೆಯಲ್ಲಿ ಕಾಲೇಜು ಓದುವಾಗ ನಾವು ಆಡಿದ ಫುಟ್‌ಬಾಲು ಇದಕ್ಕಿಂತ ಸೊಟ್ಟಗಿತ್ತು.

ಹುಡುಗಿಯರ ಟೀಮು ಅಂತ ಕಟ್ಟಿದ್ದು ಆ ವರ್ಷವೇ ಮೊದಲು. ಪ್ರಿನ್ಸಿಪಾಲರಿಗೆ ನಮ್ಮ ಮೇಲೆ ಅಂಥಾ ನಂಬಿಕೆಯೇನೂ ಇರಲಿಲ್ಲ. "ಗೆಲ್ಲೋದು ಬೇಡಮ್ಮ. ವರ್ಷ ಮುಗಿಯೋದರೊಳಗೆ ಒಂದು ಗೋಲು ಹೊಡೀರಿ ಸಾಕು. ಇಲ್ಲಾಂದ್ರೆ ಆ ಮೈದಾನದಲ್ಲಿ ಸ್ಕೂಟರ್ ಸ್ಟ್ಯಾಂಡ್ ಮಾಡಿಸ್ತೀನಿ" ಅಂದುಬಿಟ್ಟರು.

ಔಟಾದವಳು

ನಮ್ಮಲ್ಲಿ ಅರ್ಧ ಜನ ಕಬಡ್ಡಿ ಆಡಿ ಬಂದವರು. ಮೊದಲ ಮ್ಯಾಚಿನಲ್ಲೇ ಎದುರಾಳಿ ಹುಡುಗಿ ಚೆಂಡು ತಳ್ಳಿಕೊಂಡು ನಮ್ಮ ಗೋಲಿನತ್ತ ನುಗ್ಗಿದಳು. ನಮ್ಮ ಬ್ಯಾಕ್ ಆಡುತ್ತಿದ್ದವಳು ನೆಲಕ್ಕೆ ಹಾರಿ ಅವಳ ಎರಡೂ ಕಾಲು ತಬ್ಬಿಕೊಂಡು ಮಲಗಿದಳು. ರೆಫ್ರಿ ಸೀಟಿ ಊದಿದರೂ ಬಿಡಲಿಲ್ಲ.

"ಬಿಡಮ್ಮ ಅವಳನ್ನ!"

"ತಡೀರಿ ಸಾರ್, ಇನ್ನೂ ಉಸ್ರು ಕಟ್ಕಂಡವ್ಳೆ!"

ಪಾಪ, ಆ ಹುಡುಗಿ ಹೆದರಿಕೆಗೆ ಉಸಿರು ಕಟ್ಟಿಕೊಂಡಿದ್ದಳು. ರೆಫ್ರಿ ಕೆಂಪು ಕಾರ್ಡು ತೋರಿಸಿದರು. ನಮ್ಮವಳು ಬೇಜಾರಿಲ್ಲದೆ ಆಚೆ ಹೋಗಿ ಗೆರೆ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ನಮಗೆ ಕೂಗಿ ಹೇಳಿದಳು: "ಬ್ಯಾಗ ಅವ್ರ ಕಡೇಲಿ ಒಬ್ಳುನ್ನ ಔಟ್ ಮಾಡ್ರಮ್ಮಿ, ನಾನು ಒಳೀಕೆ ಬತ್ತೀನಿ!"

ಅಡಿ!

ನಮಗೆ ಆಟ ಕಲಿಸಿದವರು ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿ ಚೇಟ. ವಯನಾಡಿನ ಕಡೆಯವರು, ವಯಸ್ಸಿನಲ್ಲಿ ಚೆನ್ನಾಗಿ ಆಡಿದವರಂತೆ. ಬೇಕರಿಯಲ್ಲಿ ಬನ್ನು ಕೊಡುವಾಗ ಸಲೀಸಾಗಿ ಕನ್ನಡ ಮಾತಾಡುತ್ತಿದ್ದರು. ಮೈದಾನದಲ್ಲಿ ಜೋಶು ಬಂತೆಂದರೆ ಮಾತ್ರ ಮಲಯಾಳವೇ ಹೆಚ್ಚು. ನಾವೆಲ್ಲ ಅವರಿಗೆ 'ಮೋಳೇ', ಅಂದರೆ ಮಗಳೇ.

ಒಂದು ಮ್ಯಾಚಿನಲ್ಲಿ ನಮ್ಮ ಫಾರ್ವರ್ಡ್ ಹುಡುಗಿ ಹೇಗೋ ಎದುರಾಳಿ ಗೋಲಿನ ಮುಂದೆ ಚೆಂಡು ಸಮೇತ ಒಬ್ಬಳೇ ಸಿಕ್ಕಿದಳು. ಕೀಪರ್ ಜಾರಿ ಬಿದ್ದಿದ್ದಳು. ಗೋಲು ಬಾಗಿಲು ತೆರೆದ ಹಾಗಿತ್ತು. ಚೇಟ ಕುಣಿದಾಡುತ್ತಾ "ಅಡಿ! ಅಡಿ!" ಅಂತ ಕಿರುಚಿದರು. ಮಲಯಾಳದಲ್ಲಿ ಅದಕ್ಕೆ ಹೊಡಿ ಅಂತ ಅರ್ಥ. ನಮ್ಮವಳಿಗೆ ಅದೆಲ್ಲಿ ಗೊತ್ತು? ಅಡೀಲಿ ಹಾವೋ ಚೇಳೋ ಇರಬೇಕೆಂದು "ಅವ್ವಾ!" ಅಂತ ಎಗರಿ ಅಷ್ಟು ದೂರ ಓಡಿದಳು.

ಮ್ಯಾಚು ಮುಗಿದ ಮೇಲೆ ಚೇಟ ತಲೆ ಮೇಲೆ ಕೈಹೊತ್ತು ಕೂತಿದ್ದರು. ಇವಳು ಹೋಗಿ, "ಅಡೀಲಿ ಏನೂ ಇರ್ನಿಲ್ವಲ್ಲ ಚೇಟ, ಸುಮ್ಕೆ ಎದುರ್ಸ್‌ಬುಟ್ರಿ" ಅಂದಳು.

ಚೇಟ ಅಳುವ ದನಿಯಲ್ಲಿ ಅಂದರು: "ಚೆಂಡು ಇತ್ತು, ಮೋಳೇ!"

ಕೊನೇ ಬಸ್ಸು

ನಮ್ಮ ಗೋಲ್ ಕೀಪರ್ ಉಮ್ಮತ್ತೂರಿನವಳು. ಸಂಜೆ ಮ್ಯಾಚೆಂದರೆ ಅವಳ ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ರಸ್ತೆ ಮೇಲೆ. ಒಂದು ದಿನ ಆಟ ಎಳೆದಾಡಿಕೊಂಡು ಹೊತ್ತಾಗಿಬಿಟ್ಟಿತ್ತು. ಎದುರಾಳಿಗೆ ಪೆನಾಲ್ಟಿ ಬೇರೆ ಸಿಕ್ಕಿತು. ಆ ಹುಡುಗಿ ಚೆಂಡಿಟ್ಟು, ಹಿಂದೆ ಸರಿದು, ಕೈಮುಗಿದು, ಮತ್ತೆ ಬಂದು ಚೆಂಡು ಸರಿಮಾಡಿ, ಲೇಸು ಬಿಗಿದುಕೊಳ್ಳುತ್ತಿದ್ದಳು. ನಮ್ಮ ಕೀಪರ್ ಸೊಂಟದ ಮೇಲೆ ಕೈಯಿಟ್ಟು ಅಂದಳು:

"ಅಕ್ಕೋ, ಎತ್ಲಾಗೆ ಬೇಕೋ ಅತ್ಲಾಗೆ ಒಡ್ಕಳಕ್ಕ, ನಾನು ಅಡ್ಡ ಬರಕಿಲ್ಲ. ಬಸ್ಸು ಓಗ್‌ಬುಟ್ರೆ ನಿಮ್ಮನೇಲಿ ಮಲೀಕಂಬೇಕಾಯ್ತದೆ!"

ಆ ಹುಡುಗಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಒದ್ದಳು. ಚೆಂಡು ಕಾಂಪೌಂಡ್ ದಾಟಿತು. ಚೇಟ ಓಡಿ ಬಂದು, "ಇಂಥಾ ಸೇವ್ ನಾನು ಕೇರಳದಲ್ಲೂ ನೋಡಿಲ್ಲ!" ಎಂದು ಬೆನ್ನು ತಟ್ಟಲು ಹೋದರು. ಅಲ್ಲಿ ಬೆನ್ನೇ ಇರಲಿಲ್ಲ. ಅವಳಾಗಲೇ ಬಸ್ಸು ಹತ್ತಿದ್ದಳು.

ಅವ್ವ ಬಂದಳು

ಕೊನೆಯ ಮ್ಯಾಚು ಚಾಮರಾಜನಗರದಲ್ಲಿ. ಅಲ್ಲಿವರೆಗೂ ನಮ್ಮದು ಒಂದು ಗೋಲೂ ಇಲ್ಲ. ನನಗಂತೂ ಎರಡು ಹೆದರಿಕೆ. ಬೇಗೂರಿನ ನಮ್ಮ ಮನೆಯಲ್ಲಿ ನಾನು ಆಡುವ ಸಂಗತಿಯೇ ಗೊತ್ತಿರಲಿಲ್ಲ. ಸ್ಪೆಷಲ್ ಕ್ಲಾಸು ಅಂತ ಹೇಳಿ ಬರುತ್ತಿದ್ದೆ. ಅವ್ವ ಅವತ್ತೇ ಚಿಕ್ಕವ್ವನ ಮನೆಗೆ ಬಂದಿದ್ದಳು. ಚಿಕ್ಕವ್ವನ ಮನೆ ಆ ಮೈದಾನದ ಹಿಂದಿನ ಬೀದಿಯಲ್ಲೇ ಇತ್ತು. ಗಲಾಟೆ ಕೇಳಿ ಇಬ್ಬರೂ ನೋಡಲು ಬಂದರು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿತ್ತು. ಆರು ಗೋಲು ತಿಂದಿದ್ದೆವು. ಚೆಂಡು ನನ್ನ ಕಾಲಿಗೆ ಬಂದ ಹೊತ್ತಿಗೇ ಗೆರೆಯಾಚೆಯಿಂದ ದನಿ ಕೇಳಿತು:

"ಅಯ್ಯೋ ನನ್ ಸವ್ತಿ! ಚಡ್ಡಿ ಇಕ್ಕಂಡು ಓದೋ ಕ್ಲಾಸು ಯಾವುದೇ ಅದು? ನಿಲ್ಲೇ ಅಲ್ಲೇ!"

ಅವ್ವ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೈಗೆ ತಗೊಂಡಿದ್ದಳು. ನಾನು ಓಡಿದೆ. ಚೆಂಡು ಕಾಲಿಗೆ ಸಿಕ್ಕುತ್ತಲೇ ಇತ್ತು, ಒದೆಯುತ್ತಲೇ ಓಡಿದೆ. ಅವ್ವ ಗೆರೆಯ ಪಕ್ಕದಲ್ಲಿ ನನ್ನ ಸಮಕ್ಕೂ ಓಡಿ ಬರುತ್ತಿದ್ದಳು. ಎದುರಾಳಿ ಹುಡುಗಿಯರು ಚಪ್ಪಲಿ ನೋಡಿ ದಾರಿ ಬಿಟ್ಟರು. ಅವರ ಕೀಪರ್ ನನ್ನನ್ನು ಬಿಟ್ಟು ಅವ್ವನನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿ ಒದ್ದೆ. ಗೋಲು!

ಎದುರಿನವರು ತಕರಾರು ತೆಗೆದರು. ರೆಫ್ರಿ, "ಆಯಮ್ಮ ಗೆರೆ ದಾಟಿಲ್ಲ, ಗೋಲು ಗೋಲೇ" ಅಂದರು. ಚೇಟ ಅತ್ತೇಬಿಟ್ಟರು. ನಮ್ಮವರು ನನ್ನನ್ನು ಎತ್ತಿ ಕುಣಿಸಿ ಇಳಿಸಿದರೆ, ಇಳಿದದ್ದು ನೇರ ಅವ್ವನ ಮುಂದೆ. ಅವಳು ನನ್ನ ರಟ್ಟೆ ಹಿಡಿದಳು.

ಚೇಟ ಅಡ್ಡ ಬಂದರು. "ಹೊಡೀಬೇಡಿ ಅಮ್ಮ. ಈ ವರ್ಷ ನಮ್ಮದು ಇದೊಂದೇ ಗೋಲು. ಇವಳಿಂದ ಮೈದಾನ ಉಳೀತು."

ಅವ್ವ ಏದುಸಿರು ಬಿಡುತ್ತಾ ಬಲೆಯಲ್ಲಿದ್ದ ಚೆಂಡು ನೋಡಿದಳು. ಕುಣಿಯುತ್ತಿದ್ದ ಹುಡುಗಿಯರನ್ನು ನೋಡಿದಳು. "ಇವ್ಳಾ ಒಡ್ದುದ್ದು?"

"ಇವಳೇ ಅಮ್ಮ."

ಚಪ್ಪಲಿ ನಿಧಾನಕ್ಕೆ ಕೆಳಗಿಳಿಯಿತು. ಅವ್ವ ರೆಫ್ರಿ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿಕೊಂಡಳು:

"ಸ್ವಾಮಿ, ಓಡೋ ಬಿರುಸ್ಗೆ ನಾನು ಸರ್ಯಾಗಿ ನೋಡ್ನೇ ಇಲ್ಲ. ಇನ್ನೊಂದ್ ಕಿತ ಒಡುಸ್‌ಬುಡಿ. ನೋಡ್ಬುಟ್ಟು ಕರ್ಕಂಡೋಗಿ ಒಡೀತೀನಿ."