ಹದಿನೈದು ಕೆ.ಜಿ. ಒಣಮೆಣಸಿನಕಾಯಿಯ ಲೆಕ್ಕ

ಗಣಿತದ ಉತ್ತರಪತ್ರಿಕೆ ತಿದ್ದುವ ಮಾನ್ಯರೇ,

ತಮ್ಮ ಮುಖವನ್ನು ನಾನು ಕಂಡಿಲ್ಲ, ಕೆಂಪು ಶಾಯಿಯನ್ನಷ್ಟೇ ಕಂಡಿದ್ದೇನೆ. ಆ ಶಾಯಿಗೆ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಜಡೆಮ್ಮ ಮಾಡುವ ಶರಣು.

ಹದಿನಾರು ವರ್ಷ ಮೆಣಸಿನಕಾಯಿ ಕಣದಲ್ಲಿ ಕೂಲಿ ಮಾಡಿದ ನಾನು, ಅಂಗನವಾಡಿ ಸಹಾಯಕಿಯಾಗುವ ಆಸೆಯಿಂದ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ, ಸಿರುಗುಪ್ಪದ ಕೇಂದ್ರದಲ್ಲಿ ಪರೀಕ್ಷೆ ಬರೆದೆ. ಆ ಕೆಲಸಕ್ಕೆ ವಯಸ್ಸು ಮೂವತ್ತೈದು ದಾಟಿರಬಾರದು, ಪಾಸಾಗಲು ಅಂಕ ಮೂವತ್ತೈದು ಬರಬೇಕು. ನನಗಾಗಲೇ ಮೂವತ್ನಾಲ್ಕು ತುಂಬಿದ್ದುದರಿಂದ ವಯಸ್ಸೇ ಮೊದಲು ಪಾಸಾದೀತೆಂಬ ಭಯವಿತ್ತು.

ಹಣ್ಣುಮೆಣಸಿನಕಾಯಿ ಒಣಗಿ ತೂಕ ಶೇಕಡಾ ಎಪ್ಪತ್ತೈದು ಇಳಿದು ಹದಿನೈದು ಕೆ.ಜಿ. ಉಳಿದರೆ ಮೊದಲಿದ್ದ ತೂಕವೆಷ್ಟು ಎಂಬ ನಾಲ್ಕು ಅಂಕದ ಪ್ರಶ್ನೆಯನ್ನು ಕಂಡಾಗ ತವರಿನವರು ಎದುರಾದಂತಾಯಿತು. ನಾಲ್ಕು ಕೆ.ಜಿ. ಒಣಗಿದರೆ ಒಂದು ಉಳಿಯುವುದು ನನ್ನ ಕೈಗೇ ಗೊತ್ತು. ‘ಅರವತ್ತು’ ಎಂದು ಬರೆದು ಮುಂದೆ ಹೋದೆ. ತಾವು ಉದಾರವಾಗಿ ಒಂದು ಅಂಕ ಕೊಟ್ಟಿರಿ. ಒಟ್ಟು ಮೂವತ್ತೆರಡು ಬಂತು.

ಮರುಮೌಲ್ಯಮಾಪನಕ್ಕೆಂದು ಕೂಲಿ ಬಿಟ್ಟು ಬಳ್ಳಾರಿಗೆ ಓಡಾಡಿದೆ. ‘ಅಂಕಗಳಲ್ಲಿ ಬದಲಾವಣೆ ಇಲ್ಲ’ ಎಂಬ ಉತ್ತರ ಬಂತು. ತಾವೂ ಹಂತ ತೋರಿಸದೆ ಉತ್ತರವನ್ನಷ್ಟೇ ಬರೆದಿದ್ದನ್ನು ನೋಡಿ ಸಮಾಧಾನವಾಯಿತು.

ಎಂಟನೇ ತರಗತಿಯ ಮಗಳು ಅನುಷಾ ನನ್ನ ಉತ್ತರಪತ್ರಿಕೆಯ ಪ್ರತಿ ನೋಡಿ ಹೇಳಿದಳು: “ಉತ್ತರ ಗೊತ್ತಿದ್ರೂ ಗೊತ್ತಿಲ್ಲ ಅಂತ ಬರೀಬೇಕವ್ವಾ. ಗೊತ್ತಿಲ್ಲದ್ದಕ್ಕ ಎಕ್ಸ್ ಅನ್ನಬೇಕು. ಆಮ್ಯಾಲೆ ಒಂದೊಂದೇ ಸಾಲು ಬರದು, ಕಡೀಕ ಗೊತ್ತಾತು ಅನ್ನಬೇಕು.”

“ಪರೀಕ್ಷೇದಾಗ ಸುಳ್ಳು ಬರಿಯಾಕ ಬರ್ತೈತೇನು?” ಎಂದೆ.

“ಸುಳ್ಳಲ್ಲವ್ವಾ, ಅದು ಹಂತ.”

ಅಂದಿನಿಂದ ನಾನೂ ಕಲಿತೆ: ಹಸಿಯ ತೂಕ ಎಕ್ಸ್ ಇರಲಿ, ನೂರಕ್ಕೆ ಎಪ್ಪತ್ತೈದು ಹೋದರೆ ಉಳಿಯುವುದು ಎಕ್ಸಿನ ನೂರಕ್ಕೆ ಇಪ್ಪತ್ತೈದು, ಅದು ಹದಿನೈದು, ಆದ್ದರಿಂದ ಎಕ್ಸ್ ಅರವತ್ತು.

ಪೂರಕ ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ತಾಯಿ-ಮಗಳ ಲೆಕ್ಕ ಬಂತು. ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, ಇಬ್ಬರದೂ ಸೇರಿ ನಲವತ್ತೆಂಟು. ಎಕ್ಸ್ ಇಟ್ಟೆ, ಮೂರು ಎಕ್ಸ್ ಕೂಡಿಸಿದೆ, ನಾಲ್ಕು ಎಕ್ಸ್ ಸಮ ನಲವತ್ತೆಂಟು ಎಂದೆ. ಗಂಟೆ ಬಾರಿಸಿದ ಗಾಬರಿಗೆ ಹನ್ನೆರಡರ ಮುಂದೆ ಸೊನ್ನೆಯೊಂದು ಬಿದ್ದು ಮಗಳಿಗೆ ನೂರಿಪ್ಪತ್ತು ವರ್ಷವಾಯಿತು. ಮೂರು ಅಂಕ ಬಂದವು. ಒಟ್ಟು ಮೂವತ್ತೇಳಾಗಿ ಪಾಸಾದೆ. ಮೂವತ್ತೈದು ತುಂಬಲು ಹತ್ತೊಂಬತ್ತು ದಿನವಿರುವಾಗ ಅರ್ಜಿ ಹಾಕಿ, ಕೆಲಸಕ್ಕೂ ಸೇರಿದೆ. ಆದೇಶ ಕೈಗೆ ಬಂದ ದಿನ ಅನುಷಾ ಅದನ್ನು ಎರಡು ಸಲ ಓದಿಸಿಕೊಂಡು ಅತ್ತಳು, ನಾನೂ ಅತ್ತೆ.

ಸರಿ ಉತ್ತರಕ್ಕೆ ಒಂದು, ತಪ್ಪು ಉತ್ತರಕ್ಕೆ ಮೂರು ಕೊಡುವ ತಮ್ಮ ನ್ಯಾಯಕ್ಕೆ ಕೈಮುಗಿಯುತ್ತ ಬಿನ್ನವಿಸುವುದೇನೆಂದರೆ, ತಾವೇ ಮುಕ್ಕಾಲು ಪಾಲು ಒಪ್ಪಿದ ಆ ನೂರಿಪ್ಪತ್ತು ವರ್ಷದ ಮಗಳಿಗೆ ವೃದ್ಧಾಪ್ಯ ವೇತನ ಮಂಜೂರು ಮಾಡಿಸಬೇಕು; ಅವಳ ತಾಯಿಗೆ ಲೆಕ್ಕದ ಪ್ರಕಾರ ಇನ್ನೂ ಮೂವತ್ತಾರಾದ್ದರಿಂದ ಕೂಲಿಗೆ ಹೋಗಿ ಸಾಕುವುದು ಕಷ್ಟ.

ನೂರಕ್ಕೆ ಮೂವತ್ತೇಳರಷ್ಟು ತಮ್ಮ ವಿಶ್ವಾಸಿ,
ಜಡೆಮ್ಮ

ವಿ.ಸೂ.: ನಮ್ಮ ಅಂಗನವಾಡಿಯ ನಾಲ್ಕು ವರ್ಷದ ಸಂಘಮಿತ್ರಾಳನ್ನು ಎರಡೂ ಎರಡೂ ಎಷ್ಟೆಂದು ಕೇಳಿದೆ. ನಾಲ್ಕು ಬೆರಳು ತೋರಿಸಿ, ಅದೇ ಕೈಯನ್ನು ಮೊಟ್ಟೆಗೆ ಚಾಚಿದಳು. ಮೊಟ್ಟೆಯನ್ನು ಪೂರ್ತಿ ಕೊಟ್ಟುಬಿಟ್ಟೆ. ಕಾಲು ಭಾಗ ಕೊಟ್ಟು ಕಳಿಸುವಷ್ಟು ಗಣಿತ ನನಗಿನ್ನೂ ಬಂದಿಲ್ಲ.