ಕಂಪನಿಯ ಸೂಜಿ, ಗುಮಾಸ್ತರ ಮಡಿ

ದೊಡ್ಡ ಕಂಪನಿಯ ಆಸ್ಪತ್ರೆಯಲ್ಲಿ ಮೇಟ್ರನ್ ಆದವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಬೆಳಿಗ್ಗೆ ಬಾಗಿಲು ತೆರೆದರೆ ಅವೇ ಸಾಲಾಗಿ ನಿಂತಿರುತ್ತವೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಾಲು ನೆಟ್ಟಗಿರಬೇಕು, ಉಗುರು ಶುಭ್ರವಾಗಿರಬೇಕು, ಮಾತು ಕಡಿಮೆಯಿರಬೇಕು. ಹೊಸಪೇಟೆಯಲ್ಲಿ ಮೊದಲ ಎರಡನ್ನು ಸಾಧಿಸಿದೆ.

ನಮ್ಮದು ಸಂಡೂರಿನ ಅದಿರನ್ನು ರೈಲಿಗೆ ತುಂಬಿಸುವ ಕಂಪನಿ. ಹೆಡ್ಡಾಫೀಸು ಮದ್ರಾಸಿನಲ್ಲಿ.

ಕಂಬಳಿ

ದೊಡ್ಡ ಕಂಪನಿಯ ಗುಣವೆಂದರೆ, ಕೊಟ್ಟರೆ ಎಲ್ಲರಿಗೂ ಕೊಡುತ್ತದೆ. ದೋಷವೂ ಅದೇ. ನೀಲಗಿರಿಯ ಶಾಖೆಯವರು ಚಳಿಯೆಂದು ಬರೆದುಕೊಂಡದ್ದಕ್ಕೆ ಮದ್ರಾಸಿನವರು ಎಲ್ಲ ಶಾಖೆಗಳಿಗೂ ಉಣ್ಣೆಯ ಕಂಬಳಿ ಕಳುಹಿಸಿದರು. ನಮಗೆ ಬಂದದ್ದು ಏಪ್ರಿಲ್‌ನಲ್ಲಿ, ಹೊಸಪೇಟೆಯ ಬಂಡೆಗಳೇ ಬೆವರುವ ಕಾಲದಲ್ಲಿ.

ಚೋರನೂರಿನ ಕೂಲಿಯೊಬ್ಬ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕೇಳಿದ: “ಅಮ್ಮಾರೆ, ಇದ್ಯಾಕ್ರೀ?”

“ಚಳಿಗೆ. ಕಂಪನಿ ಕಳುಹಿಸಿದೆ.”

“ಭಾಳ ಚಲೋ ಆತ್ರೀ. ಚಳಿ ಯಾವಾಗ ಕಳಸ್ತಾರ?”

ಗಂಡನ ಪಾಲು

ಒಮ್ಮೆ ಕಂಪ್ಲಿ ಕಡೆ ಕಾಲರಾ ಕಾಣಿಸಿತು. ಮದ್ರಾಸಿನಿಂದ ಆಜ್ಞೆ ಬಂತು: ಕಾಲರಾ ಸೂಜಿ ಚುಚ್ಚಿಸಿಕೊಳ್ಳದವರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಔಷಧಿ ಪುಕ್ಕಟೆ.

ಚಿತ್ತವಾಡ್ಗಿಯ ಹೆಂಗಸೊಬ್ಬಳು ಒಂದು ತೋಳಿಗೆ ಚುಚ್ಚಿಸಿಕೊಂಡು ಇನ್ನೊಂದನ್ನೂ ಮುಂದೆ ಚಾಚಿದಳು.

“ಇದು ನನ್ನ ಗಂಡಂದು. ಅವ ಸ್ಟೇಶನ್ನಿಗೆ ವ್ಯಾಗನ್ ತುಂಬಾಕ ಹೋಗ್ಯಾನ.”

“ಅವನದು ಅವನಿಗೇ ಆಗಬೇಕು,” ಎಂದೆ.

“ಕಂಪನಿ ಅಂಗಡ್ಯಾಗ ಇಬ್ಬರ ಅಕ್ಕಿನೂ ನನ್ನ ಕೈಯಾಗ ಕೊಡ್ತಾರಲ್ರೀ. ನಿಮ್ಮದೇನು ಬ್ಯಾರೆ ಕಂಪನೀನ?”

ಗಂಡನಿಗೆ ಹೇಳಿ ಕಳುಹಿಸಿದೆ. ಬಂದ. ಹೊಸ್ತಿಲ ಆಚೆಯೇ ನಿಂತು ಸೂಜಿಯ ಉದ್ದ ನೋಡಿದ.

“ಅಮ್ಮಾರೆ, ಆಕಿನ ಒಪ್ಪ್ಯಾಳ. ನಡುವ ನಿಮ್ಮದೇನ್ರೀ ತಕರಾರು?”

ಮುಟ್ಟದೆ ಚುಚ್ಚುವುದು

ನಮ್ಮ ಹೆಡ್ ಗುಮಾಸ್ತರು ಹಂಪಿ ಕಡೆಯ ವೈಷ್ಣವರು, ಕಟ್ಟಾ ಮಡಿವಂತರು. ಮ್ಯಾನೇಜರರ ಕುರ್ಚಿಗಾಗಿ ತಲೆ ನರೆಯುವವರೆಗೆ ಕಾದವರು. ಅದು ಕೊನೆಗೂ ಅವರ ಹೆಸರಿಗೆ ಬಂತು. ಆದರೆ ಆ ಕಾಲರಾ ವಾರದಲ್ಲೇ, ಗುರುವಾರ ಮಧ್ಯಾಹ್ನದೊಳಗೆ ಬಂದು ಕೂರದಿದ್ದರೆ ಮದ್ರಾಸಿನಿಂದ ಬೇರೆಯವರನ್ನು ಕಳುಹಿಸುವುದಾಗಿ ತಂತಿಯೂ ಬಂತು. ಚುಚ್ಚಿಸಿಕೊಳ್ಳದೆ ಗೇಟು ದಾಟುವಂತಿಲ್ಲ. ದೊಡ್ಡ ಕಂಪನಿ ಯಾರ ಮುಖವನ್ನೂ ನೋಡುವುದಿಲ್ಲ.

ಗುರುವಾರ ಬೆಳಿಗ್ಗೆ ಗೇಟಿನ ಹೊರಗಿನ ನಮ್ಮ ಆಸ್ಪತ್ರೆಗೆ ಒದ್ದೆ ಪಂಚೆಯಲ್ಲಿ ಬಂದು ದೂರ ನಿಂತರು. “ಮುಟ್ಟಲಾರ್ದ ಚುಚ್ರಿ.”

“ತೋಳು ಹಿಡಿಯದೆ ಚುಚ್ಚಿದರೆ ಸೂಜಿ ಎಲ್ಲಿ ಹೋಗುತ್ತದೋ ನಾನು ಹೊಣೆಯಲ್ಲ.”

“ಸೂಜಿಗೆ ದೋಷಿಲ್ಲ, ಲೋಹ ಅದು. ನಿಮ್ಮ ಕೈದು ವಿಚಾರ.”

“ನನ್ನ ಕೈಯನ್ನು ಗಳಿಗೆಗೊಮ್ಮೆ ಸೋಪು ಹಚ್ಚಿ ತೊಳೆಯುತ್ತೇನೆ.”

“ಸೋಪಿಂದ ಕೊಳಿ ಹೋಗ್ತದ್ರೀ, ಮೈಲಿಗಿ ಹೋಗಂಗಿಲ್ಲ.”

ಕೊನೆಗೆ ಅವರೇ ದಾರಿ ಕಂಡುಕೊಂಡರು. ಮನೆಯಿಂದ ರೇಷ್ಮೆಯ ಮಡಿ ತರಿಸಿ ತೋಳಿಗೆ ಸುತ್ತಿಕೊಂಡರು. ನಾನು ರೇಷ್ಮೆಯನ್ನು ಹಿಡಿದೆ, ಸೂಜಿ ತೋಳನ್ನು ಹಿಡಿಯಿತು. ಮುಗಿಯಿತೆಂದುಕೊಂಡೆ.

“ಇದರಾಗ ಏನದ?” ಎಂದು ಕೇಳಿದರು.

ಸುಳ್ಳು ಹೇಳುವುದನ್ನು ನನಗೆ ಯಾರೂ ಕಲಿಸಿಲ್ಲ. “ಕಾಲರಾದ ಕ್ರಿಮಿಗಳು.” ಅವರ ಮುಖ ಬಿಳಿಚಿಕೊಂಡಿತು. “ಹೆದರಬೇಡಿ, ಎಲ್ಲವೂ ಸತ್ತಿವೆ.”

ಗುಮಾಸ್ತರು ಬೆಂಚಿನ ಮೇಲೆ ಕುಸಿದರು. “ಸತ್ತಾವ? ಅಂದ್ರ ನನಗೀಗ ಸೂತಕ. ಸೂತಕದಾಗ ಹೊಸಾ ಕುರ್ಚಿ ಮ್ಯಾಲೆ ಹೆಂಗ ಕುಂದ್ರಲಿ?”

ನಾನು ವಿಜ್ಞಾನ ವಿವರಿಸಿದೆ. ತಲೆಯಾಡಿಸಿದರು, ಏಳಲಿಲ್ಲ. ಮಧ್ಯಾಹ್ನದ ಗಂಟೆ ಹತ್ತಿರವಾಗುತ್ತಿತ್ತು. ಇಂಥದ್ದಕ್ಕೆ ಮದ್ರಾಸಿನಿಂದ ಯಾವ ಆಜ್ಞೆಯೂ ಬಂದಿರಲಿಲ್ಲ. ಕಾನ್ವೆಂಟಿನಲ್ಲಿ ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಕೇಳಿದೆ:

“ಆ ಕ್ರಿಮಿಗಳು ನಿಮ್ಮ ಗೋತ್ರದವೇನು?”

ಅವರು ನಿಜವಾಗಿಯೂ ಯೋಚಿಸಿದರು. “ಅಲ್ಲ.”

“ಮತ್ತೆ ನಿಮಗೆಲ್ಲಿಯ ಸೂತಕ?”

ಗುಮಾಸ್ತರು ಎದ್ದು, ರೇಷ್ಮೆ ಮಡಿಚಿಕೊಂಡು, ಹಗುರವಾಗಿ ಗೇಟಿನ ಕಡೆ ನಡೆದರು.

“ಖರೆ ಅದ್ರೀ,” ಎಂದರು. “ಅದನ್ನ ಅವುಗಳ ಮನಿಯವ್ರು ನೋಡ್ಕೋತಾರ.”